ಬಿಳಿ ಚುಕ್ಕೆಯ ಕೀಲಿಮಣೆ

ಬೆಟಗೇರಿ, ಗದಗ
ಹದಿಮೂರನೇ ತಿಂಗಳು, ಎರಡನೇ ತಾರೀಖು, ಹೊಸ ಎಣಿಕೆಯ ನಲವತ್ತೊಂದನೇ ವರ್ಷ
(ನಿಮ್ಮ ಎಣಿಕೆಯಲ್ಲಿ 2191)

ಮಾನ್ಯ ಜುಬೇದಾ ಬಾನು ಅವರಿಗೆ,

ನಿಮ್ಮನ್ನು ನಾನು ನೋಡಿಲ್ಲ, ನೋಡುವ ದಾರಿಯೂ ಇಲ್ಲ. ನಮ್ಮಿಬ್ಬರ ನಡುವೆ ನೂರ ಅರವತ್ತೈದು ವರ್ಷಗಳಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಬರೆಯುವ ರೂಢಿ ತಪ್ಪಿದ ಕಾಲದವಳು ನಾನು. ಹೆಸರು ದಾನಮ್ಮ ಹೊಂಬಳ. ಇಲ್ಲಿನ ಮಗ್ಗಗಳ ಸರ್ಕ್ಯೂಟ್ ಬೋರ್ಡುಗಳನ್ನು ರಿಪೇರಿ ಮಾಡುವುದು ನನ್ನ ಕಸುಬು.

ನಮ್ಮಲ್ಲಿ ಯಾರೂ ಕೀಲಿ ಒತ್ತುವುದಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಒಂದು ‘ಕೇಳುಗ’ ಇರುತ್ತದೆ. ನಾವು ಹೇಳಿದಂತೆ ಅದು ಬಾಗಿಲು ತೆರೆಯುತ್ತದೆ, ದಿನಸಿ ತರಿಸುತ್ತದೆ, ದೂರದವರಿಗೆ ಸುದ್ದಿ ಮುಟ್ಟಿಸುತ್ತದೆ. ದನಿ ಇದ್ದವರಿಗೆ ಇದರಿಂದ ಸುಖವೇ. ನನ್ನ ಸೋದರಮಾವ ಫಕೀರಪ್ಪನವರಿಗಂತೂ ದನಿಯೇ ಬದುಕಾಗಿತ್ತು. ಗದಗ ನಿಲ್ದಾಣದಲ್ಲಿ ರೈಲುಗಳ ಹೆಸರು ಕೂಗುವ ಕೆಲಸ ಅವರದು. ಯಂತ್ರ ಕೂಗಿದರೆ ಜನ ಕಿವಿಗೊಡುವುದಿಲ್ಲವೆಂದು ನಮ್ಮ ಕಾಲದಲ್ಲಿ ಮತ್ತೆ ಮನುಷ್ಯರನ್ನೇ ಇಟ್ಟುಕೊಂಡಿದ್ದಾರೆ. ಹೋದ ವರ್ಷ ಅವರ ಗಂಟಲಲ್ಲಿ ಗಡ್ಡೆಯಾಯಿತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಅಂಥವರಿಗಾಗಿ ಕೇಳುಗದಲ್ಲಿ ಇನ್ನೊಂದು ಏರ್ಪಾಡಿದೆ. ತುಟಿ, ಕಣ್ಣು ನೋಡಿ ಮನಸ್ಸಿನ ಮಾತನ್ನು ಊಹಿಸಿ ಅದು ತಾನೇ ಆಡುತ್ತದೆ. ಊಹೆ ಬಹುಪಾಲು ಸರಿಯೇ ಇರುತ್ತಿತ್ತು, ಆದರೆ ಮಾತು ಮಾತ್ರ ಮಾಮಾನದಲ್ಲ. ಒಂದು ಬೆಳಿಗ್ಗೆ ಅವರು ತಟ್ಟೆಯ ಕಡೆ ಕೈ ತೋರಿಸಿದರೆ ಗೋಡೆ ನಯವಾಗಿ, “ದಯವಿಟ್ಟು ನನಗೆ ಮತ್ತೊಂದು ರೊಟ್ಟಿಯನ್ನು ನೀಡುವಿರಾ?” ಎಂದಿತು. ಅತ್ತೆ ಬಸಲಿಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತರು.

“ಈ ಮನಶ್ಯಾ ಯಾರವಾ ದಾನವ್ವಾ? ನನ್ನ ಗಂಡ ನಲವತ್ತ ವರ್ಷದಾಗ ಒಮ್ಮಿನೂ ನನಗ ದಯವಿಟ್ಟು ಅಂದಾಂವ ಅಲ್ಲ.”

ಮಾಮಾ ಅಂದೇ ಕೇಳುಗದ ಮೇಲೆ ಟವೆಲ್ ಹೊದಿಸಿ ಕೂತರು. ಆಮೇಲೆ ಎರಡು ತಿಂಗಳು ಆ ಮನೆಯಲ್ಲಿ ಒಂದೂ ಮಾತಿರಲಿಲ್ಲ.

ನನ್ನ ಅಂಗಡಿಯ ಗುಜರಿಯಲ್ಲಿ ನೀವು ಮಾಡಿದ ಕೀಲಿಮಣೆ ಸಿಕ್ಕಿದ್ದು ಆಗ; ನಿಮ್ಮದೆಂದು ತಿಳಿದದ್ದು ಆಮೇಲೆ. ಅದರ ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿದ್ದವು. ಒತ್ತಿದಷ್ಟನ್ನೇ ಮೂಡಿಸುವ ಯಂತ್ರ, ಊಹಿಸುವುದಿಲ್ಲ, ತಿದ್ದುವುದಿಲ್ಲ! ಕೆಟ್ಟ ಬೆಸುಗೆಗಳನ್ನು ಸರಿಮಾಡಿ, ಮಗ್ಗದ ಒಂದು ಹಳೆಯ ಪರದೆಗೆ ಜೋಡಿಸಿದೆ. ಬೋರ್ಡಿಗೆ ಜೀವ ಬಂತು, ಆದರೆ ನೆನಪು ಅಳಿಸಿಹೋಗಿತ್ತು. ಯಾವ ಕೀಲಿ ಯಾವ ಅಕ್ಷರವೆಂದು ಹೇಳಿಕೊಡುವ ಫರ್ಮ್‌ವೇರ್ ಅದರೊಳಗೆ ಉಳಿದಿರಲಿಲ್ಲ.

ಧಾರವಾಡದ ಹಳೆಯ ತಂತ್ರಾಂಶಗಳ ಭಂಡಾರಕ್ಕೆ ಹೋದೆ. ನಿಮ್ಮ ಕಾಲದವರು ಎಲ್ಲರಿಗೂ ಮುಕ್ತವಾಗಿ ಬಿಟ್ಟುಹೋದ ಒಂಬತ್ತು ಸಾವಿರ ಕೀಲಿಮಣೆಗಳ ಕಡತಗಳು ಅಲ್ಲಿವೆ. ಆತುರದಲ್ಲಿ ಆಕಾರ ನೋಡಿ ಒಂದನ್ನು ತಂದು ತುಂಬಿದೆ. ಮಾಮಾ ಕುರ್ಚಿ ಎಳೆದುಕೊಂಡು ‘ಬ’ ಒತ್ತಿದರೆ ಪರದೆಯ ಮೇಲೆ ಮೂರು ಬೇರೆ ಅಕ್ಷರಗಳು ಬಂದವು. ಇನ್ನೊಂದು ಸಾಲು ಸತ್ತೇ ಇತ್ತು. ಅವರು ಕೀಲಿಮಣೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಎದ್ದು ಹೋದರು. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಕಸುಬಿನವಳಂತೆ ಕೂತೆ. ಬೋರ್ಡಿನ ಮೇಲಿನ ಚಿಪ್‌ನ ಹೆಸರು ಬರೆದುಕೊಂಡೆ. ಪ್ರತಿ ಕೀಲಿಯಿಂದ ಹೊರಟ ದಾರಿಯನ್ನು ಮೀಟರ್ ಹಿಡಿದು ಹುಡುಕಿ, ಐದು ಸಾಲು ಹದಿನಾಲ್ಕು ಕಂಬದ ನಕ್ಷೆಯನ್ನು ಕಾಗದದ ಮೇಲೆ ಇಳಿಸಿದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಯಾವ ಕಡೆ ಮುಖ ಮಾಡಿವೆಯೆಂದು ಗುರುತು ಹಾಕಿದೆ. ನಾಲ್ಕು ದಿನ ಹಿಡಿಯಿತು. ಆ ನಕ್ಷೆಗೆ ಹೊಂದಿದ್ದು ನಿಮ್ಮ ಎರಡೇ ಕಡತ. ಅವುಗಳಲ್ಲಿ ಒಂದರ ತಲೆಯ ಮೇಲೆ ನೀವು ಬರೆದಿದ್ದಿರಿ:

“ಎರಡನೇ ಕಂತಿನ ಬೋರ್ಡಿನಲ್ಲಿ ಎರಡು ಕಂಬಗಳು ಅದಲುಬದಲಾಗಿವೆ. ತಪ್ಪು ನನ್ನದು. ಬೋರ್ಡಿನ ಬೆನ್ನಿಗೆ ಬಿಳಿ ಚುಕ್ಕೆ ಇದ್ದರೆ ಈ ಕಡತವನ್ನೇ ಹಾಕಿ.”

ಬೋರ್ಡನ್ನು ಮಗುಚಿ ಧೂಳು ಒರೆಸಿದೆ. ಬಿಳಿ ಚುಕ್ಕೆ ಇತ್ತು.

ಮರುದಿನ ಬೆಳಿಗ್ಗೆ ಮಾಮಾನನ್ನು ಮತ್ತೆ ಕೂರಿಸಲು ಅತ್ತೆ ಬಹಳ ಬೇಡಿಕೊಳ್ಳಬೇಕಾಯಿತು. ಅವರು ಒಂದೇ ಬೆರಳಿನಲ್ಲಿ, ತಡವರಿಸುತ್ತ ಒತ್ತಿದರು. ಅತ್ತೆ ಪರದೆಗೆ ಮುಖ ಹಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು: “ಬಸಲಿಂಗಿ, ಚಾ ಆರಿ ತಣ್ಣೀರ ಆಗೇತಿ. ಇನ್ನೊಮ್ಮಿ ಕಾಸೇ.”

ಅತ್ತೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಬಂದಾ ನೋಡವಾ,” ಎಂದರು, “ನನ್ನ ಗಂಡ ಬಂದಾ.”

ಮಾಮಾ ಮತ್ತೆ ಏಳು ತಿಂಗಳು ಬದುಕಿದರು. ಬೈದರು, ಚೇಷ್ಟೆ ಮಾಡಿದರು, ಹುಡುಗರಾಗಿದ್ದಾಗಿನ ಕಥೆಗಳನ್ನು ತುಂಡುತುಂಡಾಗಿ ಹೇಳಿದರು. ಕೊನೆಯ ವಾರ ಅತ್ತೆಗಾಗಿ ಏನೋ ಬರೆದರು. ಅದನ್ನು ಅತ್ತೆ ನನಗೆ ತೋರಿಸಿಲ್ಲ, ನಾನೂ ಕೇಳಿಲ್ಲ. ಈಗ ಅತ್ತೆ ಮಧ್ಯಾಹ್ನ ಪರದೆಯ ಮುಂದೆ ಕೂತು ಹಳೆಯದನ್ನೆಲ್ಲ ಓದುತ್ತಾರೆ. ಮುಗಿದ ಮೇಲೆ ಮೊದಲಿನಿಂದ ಶುರುಮಾಡುತ್ತಾರೆ.

ನನಗೋ ನಿಮ್ಮದೇ ಹಂಬಲ. ತಪ್ಪು ನನ್ನದು ಎಂದು ಯಾರೂ ಕೇಳದೆಯೇ ಬರೆದಿಟ್ಟ ನೀವು ಎಂಥವರು? ಆ ಕಡತಗಳಲ್ಲಿ ನಿಮ್ಮ ಹೆಸರಿದೆ, ಹರಿಹರ ಎಂದು ಊರಿದೆ, ಅಷ್ಟೇ. ನಿಮಗೆ ಮಕ್ಕಳಿದ್ದರೇ? ಕನ್ನಡ ಅಕ್ಷರಗಳ ಆ ಮಣೆಯನ್ನು ಯಾರಿಗಾಗಿ ಮಾಡಲು ಹೊರಟಿರಿ? ಕೆಲಸ ಮಾಡುವಾಗ ಪಕ್ಕದಲ್ಲಿ ಯಾರು ಕೂತಿರುತ್ತಿದ್ದರು?

ಇಷ್ಟೇ ಕೇಳಿಕೊಳ್ಳುತ್ತೇನೆ. ಕಡತಗಳನ್ನು ಮುಚ್ಚಿಡಬೇಡಿ, ತಪ್ಪುಗಳನ್ನು ಅಳಿಸಬೇಡಿ. ಸಾಧ್ಯವಾದರೆ ಆ ಟಿಪ್ಪಣಿಯ ಕೆಳಗೆ ನಿಮ್ಮ ಬಗ್ಗೆ ಒಂದು ಸಾಲು ಸೇರಿಸಿ. ಈ ಪತ್ರ ನಿಮ್ಮನ್ನು ಮುಟ್ಟುವುದಿಲ್ಲವೆಂದು ನನಗೆ ಗೊತ್ತು. ಆದರೂ ನಾಳೆ ಮೊದಲ ರೈಲಿಗೆ ಧಾರವಾಡಕ್ಕೆ ಹೋಗಿ, ಕಡತ ತೆಗೆಸಿ ನೋಡುವವಳಿದ್ದೇನೆ.

ನಿಮ್ಮ,
ದಾನಮ್ಮ