ಮಂಚದ ಮೇಲಿನ ಪರದೆ ಕಂಬಿ

ಬನ್ನಿ ಮಹಾಜನರೇ, ಬನ್ನಿ! ನಿಂತವರು ಕೂತುಕೊಳ್ಳಿ, ಕೂತವರು ಮುಂದಕ್ಕೆ ಸರಿಯಿರಿ, ಹಿಂದಿನ ಸಾಲಿನಲ್ಲಿ ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಬಿಡಿ. ಈ ಗಾರ್ಲಂಡ್ ಪ್ರೂಯಿಟ್ ಕಾಗದ ಬರೆಯಲು ಕೂತಿದ್ದಾನೆ. ಕಾಗದವೇನೋ ಒಬ್ಬನಿಗೆ. ಆದರೆ ಡೇರೆ ನಾಟಕದವನ ಮಗನ ಗಂಟಲು ಒಬ್ಬನ ಕಿವಿಗೆಂದು ಹುಟ್ಟಿದ್ದಲ್ಲ, ನೀವೂ ಕೇಳಿಸಿಕೊಳ್ಳಿ. ಯಾರನ್ನು ನಂಬಬೇಕೆಂದು ಕೊನೆಗೆ ನೀವೇ ಹೇಳಿ.

ಪ್ರಿಯ ಎರ್ವಿನ್,

ಕಾರು, ಕರೆಂಟು ಬೇಡವೆನ್ನುವ ನಿಮ್ಮ ಅಮಿಶ್ ಪಂಥದ ಮನೆಗಳಲ್ಲಿ ಫೋನೂ ಇರುವುದಿಲ್ಲ ಎಂಬ ನೆಪ ಹೇಳಿಕೊಂಡು ಹದಿನಾಲ್ಕು ವರ್ಷ ಸುಮ್ಮನಿದ್ದೆ. ನಿನ್ನ ಮನೆ ನನ್ನ ಮನೆಯಿಂದ ಒಂಬತ್ತು ಮೈಲಿ. ನನ್ನ ಹತ್ತಿರ ಟ್ರಕ್ಕಿದೆ. ನೆಪ ಎಷ್ಟು ತೆಳ್ಳಗಿತ್ತೆಂದು ನಿನಗೂ ಗೊತ್ತು, ನನಗೂ ಗೊತ್ತು.

ಈಗ ಬರೆಯಲು ಕಾರಣ ನನ್ನ ಮಗಳು ಲೋರ್ನಾ. ನೀನು ಕಂಡಾಗ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಹುಡುಗಿ; ಈಗ ನರ್ಸು, ಆರು ವರ್ಷದ ಪೋಸಿಗೆ ತಾಯಿ. ಗಂಡ ಜೊತೆಯಲ್ಲಿಲ್ಲ. ದೂರದ ವಯೋಮಿಂಗ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಹತ್ತು ತಿಂಗಳ ಕೆಲಸ ಸಿಕ್ಕಿದೆ, ಆದರೆ ಆ ಊರಿನಲ್ಲಿ ಬಾಡಿಗೆಗೆ ಒಂದು ಗೂಡೂ ಸಿಗುತ್ತಿಲ್ಲ. ಅದಕ್ಕೇ ಟ್ರೇಲರ್ ಕೊಳ್ಳುವುದು, ಮನೆಯನ್ನೇ ಟ್ರಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು, ಮಗುವನ್ನು ನೋಡಿಕೊಳ್ಳಲು ನಾನೂ ಹೋಗುವುದು ಎಂದು ತೀರ್ಮಾನವಾಯಿತು. ಹೊಸದೋ ಹಳೆಯದೋ ಎಂಬುದನ್ನು ಮಾತ್ರ ಲೋರ್ನಾ ನನಗೆ ಬಿಟ್ಟಳು. "ಇಪ್ಪತ್ತಾರು ವರ್ಷ ಅದನ್ನೇ ಕಟ್ಟಿದ್ದೀಯಲ್ಲಪ್ಪಾ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂದಳು.

ಗೊತ್ತಿರುವುದೇ ತೊಂದರೆ, ಎರ್ವಿನ್. ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವನನ್ನು ಅದೇ ಹೋಟೆಲಿಗೆ ಊಟಕ್ಕೆ ಕರೆದ ಹಾಗಾಯಿತು. ಅದರ ಮೇಲೆ ಪೋಸಿಗೆ ಉಬ್ಬಸ. ಹೊಸ ಟ್ರೇಲರಿನ ಅಂಟಿನ ಘಾಟು ಆ ಮಗುವಿಗೆ ವಿಷ. ಹಳೆಯದರ ಗೋಡೆಯೊಳಗೆ ನೀರು ಸೇರಿ ಬೂಷ್ಟು ಹಿಡಿದಿದ್ದರೆ ಅದು ಇನ್ನೂ ದೊಡ್ಡ ವಿಷ. ಮುಚ್ಚಿದ ಡಬ್ಬಿಯಂಥ ಮನೆಯಲ್ಲಿ ಹತ್ತು ತಿಂಗಳು ಆ ಪುಟ್ಟ ಎದೆ ಯಾವ ಗಾಳಿ ಎಳೆದುಕೊಳ್ಳಬೇಕು ಎಂಬುದನ್ನು ನಾನು ಮೂಸಿ, ಬಡಿದು, ಒತ್ತಿ ಹೇಳಬೇಕಿತ್ತು.

ಮೊದಲು ಹೆದ್ದಾರಿಯ ಪಕ್ಕದ ಹೊಸ ಟ್ರೇಲರುಗಳ ಅಂಗಳಕ್ಕೆ ಹೋದೆವು. ಟ್ರೆಂಟ್ ಎಂಬ ಮಾರಾಟಗಾರ, ಹಲ್ಲೆಲ್ಲ ಬಿಟ್ಟುಕೊಂಡು ಪ್ರವೇಶ! ನಾಟಕದಲ್ಲಿ ಅಷ್ಟು ನಗುತ್ತಾ ಬರುವವನು ಯಾರೆಂದು ಮುಂದಿನ ಸಾಲಿನ ಮಕ್ಕಳಿಗೂ ತಿಳಿದಿರುತ್ತದೆ. ಬಾಗಿಲು ತೆರೆದು, "ಉಸಿರು ಎಳ್ಕೊಳ್ಳಿ ಸರ್! ಹೊಸದು ಅಂದ್ರೆ ಈ ವಾಸನೆ!" ಅಂದ.

"ತಾತಾ, ಕಣ್ಣು ಉರೀತಿದೆ" ಅಂದಳು ಪೋಸಿ.

"ಏನಿಲ್ಲ ಪುಟ್ಟಾ, ಎರಡು ವಾರ ಕಿಟಕಿ ತೆಗೆದಿಟ್ರೆ ಹೋಗ್ಬಿಡತ್ತೆ" ಅಂದ ಟ್ರೆಂಟ್.

"ಆ ಎರಡು ವಾರ ಮಗು ಎಲ್ಲಿ ಮಲಗ್ಬೇಕಯ್ಯಾ, ನಿನ್ನ ಮನೇಲಾ?" ಎಂದು ಗುಡುಗಿದೆ.

ಲೋರ್ನಾ ನನ್ನ ತೋಳು ಹಿಡಿದು, "ಅಪ್ಪಾ, ಮೆಲ್ಲಗೆ! ಪಕ್ಕದ ಪೆಟ್ರೋಲ್ ಬಂಕಿನೋರೆಲ್ಲ ತಿರುಗಿ ನೋಡ್ತಿದ್ದಾರೆ" ಅಂದಳು.

ನೋಡಲಿ! ಅಡಿಗೆ ಕಟ್ಟೆಯ ಮೊದಲನೆಯ ಡ್ರಾಯರು ಎಳೆದೆ, ಅದು ಹಳಿಯ ಸಮೇತ ನನ್ನ ಕೈಗೆ ಬಂತು. ಹಿಂದೆ ಇಣುಕಿದರೆ, ಸ್ಕ್ರೂಗಳು ಮರ ಕಚ್ಚದೆ ಗಾಳಿಯನ್ನು ಕಚ್ಚಿಕೊಂಡಿದ್ದವು. ಯಾರ ಕೆಲಸವೆಂದು ಗೊತ್ತಾಗದಿದ್ದರೂ ಯಾವ ಹೊತ್ತಿನ ಕೆಲಸವೆಂದು ಗೊತ್ತಾಯಿತು. ನೆನಪಿದೆಯಲ್ಲ, ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಟ್ರೇಲರು ಆಚೆ ಹೋದರೆ ಮನೆಗೆ ಹೋಗಬಹುದೆಂಬ ನಮ್ಮ ಓಟ? ಬೆಳಗಿನ ಐದಕ್ಕೆ ಶುರುವಾಗಿ, ಹತ್ತನೆಯದು ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣೂ ಬಾಗಿಲ ಮೇಲೆ. ಇದು ಹನ್ನೆರಡನೆಯದಾಗಿ ಹುಟ್ಟಿದ ಕೂಸು. ಇದಕ್ಕೆ ಕೊಡುವ ಹೆಚ್ಚಿನ ಬೆಲೆ ಹೊಳಪಿಗೆ ಮಾತ್ರ. ಹೊಸದರ ತಪ್ಪುಗಳು ಇನ್ನೂ ಹೊರಗೆ ಬಂದಿರುವುದಿಲ್ಲ, ಒಳಗೆ ಅಡಗಿ ಕೂತಿರುತ್ತವೆ.

ಹಾಗಾಗಿ ಹಳೆಯದು ನೋಡಲು ಮಿಸೆಸ್ ಕ್ವಿಗ್ಲಿ ಎಂಬ ಎಂಬತ್ತರ ಮುದುಕಿಯ ಮನೆಗೆ ಹೋದೆವು. ಟ್ರೇಲರಿನ ಬಾಗಿಲು ತೆರೆಯುತ್ತಿದ್ದಂತೆ ಬಿಸಿ ಬಿಸಿ ಬಾಳೆಹಣ್ಣಿನ ಬ್ರೆಡ್ಡಿನ ಪರಿಮಳ. ನನ್ನ ಕೂದಲು ನೆಟ್ಟಗಾಯಿತು! ಮಾರುವ ದಿನವೇ ಒಲೆ ಹಚ್ಚಿದ್ದೇಕೆ? ಯಾವ ವಾಸನೆ ಮುಚ್ಚಲು? ಪರದೆಗಳು ಆಗ ತಾನೇ ಒಗೆದವು. ಏಕೆ? ನೆಲಕ್ಕೆ ಹೊಸ ಚಾಪೆ. ಅದರ ಕೆಳಗೇನು? ಮೊಣಕಾಲೂರಿ ಚಾಪೆ ಎತ್ತಿದೆ. ಗೋಡೆಗಳನ್ನು ಗೆಣ್ಣಿನಿಂದ ಬಡಿಯುತ್ತಾ, ಮೂಲೆಗಳಿಗೆ ಮೂಗು ತೂರಿಸುತ್ತಾ ಒಂದು ಸುತ್ತು ಹಾಕಿದೆ.

"ಏನಯ್ಯಾ, ಕುದುರೆ ಸಂತೇಲಿ ಹಲ್ಲು ನೋಡೋನ ಥರ ಆಡ್ತೀಯಲ್ಲ. ಬ್ರೆಡ್ ತಿಂತೀಯೋ, ಅದನ್ನೂ ಬಡಿದು ನೋಡ್ತೀಯೋ?" ಅಂದಳು ಮುದುಕಿ.

ಪೋಸಿ ಮಾತ್ರ ಎರಡು ತುಂಡು ತಿಂದು ಒಮ್ಮೆಯೂ ಕೆಮ್ಮಲಿಲ್ಲ. ಮಗು ಕೆಮ್ಮದೇ ಇದ್ದದ್ದರ ಮೇಲೂ ನನಗೆ ಅನುಮಾನ ಬಂತು.

ಆಮೇಲೆ ಬಾಗಿಲ ಪಕ್ಕದ ತಗಡಿನ ಚೀಟಿ ಕಣ್ಣಿಗೆ ಬಿತ್ತು. ನಮ್ಮದೇ ಕಾರ್ಖಾನೆ. ನೀನು ಕೆಲಸ ಬಿಟ್ಟ ವರ್ಷದ್ದೇ, ಆ ಏಪ್ರಿಲಿನದೇ. ಮಕ್ಕಳ ಮಂಚದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ನೆನೆದ ರೊಟ್ಟಿಯ ಹಾಗೆ ಒಳಗೆ ಹೋಯಿತು. "ನಡಿ ಲೋರ್ನಾ, ಇದು ಎರ್ವಿನ್ ಚಾವಣಿ! ಸೋರೋ ಚಾವಣಿ!" ಎಂದು ಕೂಗಿ ಹೊರಗೆ ಬಂದೆ.

ಹೌದು, ಎರ್ವಿನ್. ಹದಿನಾಲ್ಕು ವರ್ಷವಾದರೂ ಮೊದಲು ಬಾಯಿಗೆ ಬಂದದ್ದು ನಿನ್ನ ಹೆಸರೇ.

ಆ ದಿನವನ್ನು ಈಗ ಮತ್ತೆ ರಂಗಕ್ಕೆ ತರುತ್ತೇನೆ, ತಾಳಿಕೋ. ಮಕ್ಕಳ ಮಂಚ ಒದ್ದೆಯಾಗಿ ಮೂರು ಟ್ರೇಲರು ವಾಪಸು ಬಂದಿದ್ದವು. ಒಂಬತ್ತರ ವಿರಾಮ, ಉದ್ದ ಮೇಜಿನ ಸುತ್ತ ನಲವತ್ತು ಜನ. ಮೇಸ್ತ್ರಿ ಡ್ವೈಟ್ ಬಂದು, "ಯಾರ ಕೆಲಸ ಇದು?" ಅಂದ. ಮೇಲಿನಿಂದ ನೀರು ಬಂದಿದೆ, ಮೇಲಿನ ರಬ್ಬರ್ ಹಾಳೆ ಹಾಸುವವನು ನೀನು. ನಾನು ಎದ್ದು ನಿಂತೆ. ನಿನ್ನತ್ತ ಬೆರಳು ಚಾಚಿದೆ. ನಾಟಕದ ಮೂರನೆಯ ಅಂಕದಲ್ಲಿ ಅಪ್ಪ ಖಳನತ್ತ ಚಾಚುತ್ತಿದ್ದ ಹಾಗೆಯೇ ಚಾಚಿದೆ. "ಚಾವಣಿ ಯಾರದೋ ಸೋರಿಕೆಯೂ ಅವನದೇ! ಕೇಳಿ ಅವನನ್ನ!" ಎಂದೆ.

ಎಲ್ಲರೂ ನಿನ್ನನ್ನು ನೋಡಿದರು. ನೀನು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದೆ. ಬುತ್ತಿ ಡಬ್ಬಿಯ ಮುಚ್ಚಳ ಹಾಕಿದೆ. ಟೋಪಿ ತಲೆಗಿಟ್ಟು, "ಹಾಗೇ ಇರಲಿ" ಎಂದು ಹೊರಟುಹೋದೆ. ಮರುದಿನ ನಿಮ್ಮ ಜನರನ್ನು ಕರೆತರುವ ವ್ಯಾನಿನಲ್ಲಿ ನೀನಿರಲಿಲ್ಲ.

ಆ ಸುಮ್ಮನಿರುವಿಕೆಯೇ ನಿನಗೆ ಮುಳುವಾಯಿತು. ಅಂದರೆ, ನನ್ನ ಕಣ್ಣಿನಲ್ಲಿ. ನಾನು ಬೆಳೆದ ರಂಗದಲ್ಲಿ ನಿರಪರಾಧಿಯಾದವನು ಎದೆ ಬಡಿದುಕೊಂಡು ಆಕಾಶಕ್ಕೆ ಕೇಳುವಂತೆ ಕೂಗುತ್ತಾನೆ. ಕಣ್ಣು ತಗ್ಗಿಸಿ ಜಾರಿಕೊಳ್ಳುವವನೇ ಕಳ್ಳ. ನಿಮ್ಮಲ್ಲಿ ತನ್ನ ಪರವಾಗಿ ತಾನೇ ವಾದಿಸುವುದು ಅಹಂಕಾರವೆಂದು, ಆಪಾದನೆ ಬಂದರೆ ಹೊತ್ತುಕೊಂಡು ಹೋಗುವುದೇ ರೂಢಿಯೆಂದು ಹನ್ನೊಂದು ವರ್ಷ ಪಕ್ಕದಲ್ಲಿ ಕೆಲಸ ಮಾಡಿದ ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ನೀನು ಕೂಗಲಿಲ್ಲವಲ್ಲ ಎಂಬುದನ್ನೇ ಇಷ್ಟು ವರ್ಷ ಸಾಕ್ಷಿಯಾಗಿ ಹಿಡಿದುಕೊಂಡಿದ್ದೆ. "ನಿನ್ನ ಗಂಟಲಿಗೆ ನೊಗ ಕಟ್ಟಿದ್ರೆ ನಲವತ್ತು ಎಕರೆ ಉಳಬಹುದು ಕಣೋ" ಎಂದು ಆ ವಸಂತದಲ್ಲಿ ನಗಾಡಿದ್ದವನು ನೀನು. ಅದೇ ಗಂಟಲು ನಿನ್ನ ಮೇಲೆ ತಿರುಗಿತು.

ಮಿಸೆಸ್ ಕ್ವಿಗ್ಲಿಯ ಅಂಗಳದಲ್ಲಿ ನಾನು ಟ್ರಕ್ಕಿನ ಬಾಗಿಲು ತೆಗೆದಾಗ ಲೋರ್ನಾ ಅಲ್ಲಾಡಲಿಲ್ಲ. "ಮೇಲೆ ಹತ್ತಿ ನೋಡಿದ್ಯಾ?"

"ನೋಡೋದೇನಿದೆ? ನನಗೆ ಗೊತ್ತು."

"ನೋಡದೇ ಹೇಗಪ್ಪಾ ಗೊತ್ತು? ಹತ್ತು!"

ಹತ್ತಿದೆ. ಅರವತ್ತೇಳರ ಮೊಣಕಾಲುಗಳು ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಬೈದವು. ನಿನ್ನ ತಪ್ಪನ್ನು ಹುಡುಕುತ್ತಾ ಹಾಳೆಯ ಮೇಲೆ ಅಂಗೈ ಸವರಿದೆ. ಅಂಚುಗಳು ಬಿಗಿ. ಗಾಳಿಕಿಂಡಿಯ ಸುತ್ತ ನೀನು ಎಳೆದಿದ್ದ ಅಂಟಿನ ಗೆರೆ ಬಿಸಿಲಿಗೆ ಹಳದಿಯಾಗಿದ್ದರೂ ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಹದಿನಾಲ್ಕು ಚಳಿಗಾಲದ ಹಿಮವನ್ನು ಹೊತ್ತ ಚಾವಣಿ, ಎರ್ವಿನ್! ಕೊನೆಗೆ ಮಂಚದ ಮೂಲೆಯ ಮೇಲೆ, ಚಾವಣಿ ಇಳಿಜಾರಾಗಿ ತೆಳ್ಳಗಾಗುವಲ್ಲಿ, ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದೆ. ಸಾಲಾಗಿ ನಾಲ್ಕು ಮೊಡವೆಗಳು. ನಡುನಡುವೆ ಒಂದೊಂದು ಗೇಣು. ಪ್ರತಿಯೊಂದರ ತುದಿಯಲ್ಲಿ ತುಕ್ಕು ಹಿಡಿದ ಮೊನೆ. ಅವು ಒಳಗಿನಿಂದ ಮೇಲಕ್ಕೆ ಬಂದಿದ್ದವು.

ಇಳಿದೆ. ಒಳಗೆ ಹೋದೆ. ಮಂಚದ ಮೇಲೆ ಮಕ್ಕಳ ಪರದೆ ತೂಗುಹಾಕುವ ಕಂಬಿ. ಅದಕ್ಕೆ ನಾಲ್ಕು ಸ್ಕ್ರೂ, ಗೇಣಿಗೊಂದು. ಒಂದನ್ನು ಬಿಚ್ಚಿದೆ. ಒಂದು ಇಂಚಿನದಿರಬೇಕಾದ ಕಡೆ ಎರಡೂವರೆ ಇಂಚಿನದು ಬಂತು.

ಪರದೆ ಕಂಬಿ ಹೊಡೆಯುತ್ತಿದ್ದವನು ಯಾರು? ಕಾರ್ಖಾನೆಯ ಇಡೀ ಸಾಲಿನಲ್ಲಿ ಒಬ್ಬನೇ, ನಾನು. "ಪರದೆ ಅಂದ್ರೆ ನನ್ನದೇ!" ಎಂದು ಮೆರೆಯುತ್ತಿದ್ದವನೂ ನಾನೇ. ಆ ಏಪ್ರಿಲಿನಲ್ಲಿ ಸಣ್ಣ ಸ್ಕ್ರೂಗಳ ಡಬ್ಬಿ ಖಾಲಿಯಾಗಿತ್ತು. ಉಗ್ರಾಣಕ್ಕೆ ಹೋಗಿ ಬರಲು ಮೂರು ನಿಮಿಷ. ನೆಲ ಹಾಸುವವರ ಉದ್ದ ಸ್ಕ್ರೂಗಳ ಡಬ್ಬಿ ಕಾಲ ಬುಡದಲ್ಲೇ ಇತ್ತು. ಮನೆಗೆ ಹೋಗುವ ಆತುರ. ನೀನು ಹಾಸಿದ ಒಳ್ಳೆಯ ಹಾಳೆಯನ್ನು ಕೆಳಗಿನಿಂದ ಚುಚ್ಚಿದವನು ನಾನು. ವಾಪಸು ಬಂದ ಆ ಮೂರನ್ನು ಕಾರ್ಖಾನೆಯವರೂ ಕಂಬಿ ಬಿಚ್ಚಿ ನೋಡದೆ ಮೇಲೆ ಅಂಟು ಬಳಿದು ಕಳಿಸಿದ್ದರು.

ಸ್ಕ್ರೂ ಹಿಡಿದು ಮಂಚದ ಮೇಲೆ ಕೂತುಬಿಟ್ಟೆ. ಮಿಸೆಸ್ ಕ್ವಿಗ್ಲಿ ಬಾಗಿಲಲ್ಲಿ ನಿಂತಿದ್ದಳು. ಅನುಮಾನದ ಚಟ ಬಿಡುತ್ತದೆಯೇ? "ಈ ಮೂಲೆ ಸೋರೋದು ನಿಮಗೆ ಗೊತ್ತಿತ್ತು ಅಲ್ವಾ?" ಅಂದೆ.

"ಗೊತ್ತಿತ್ತು. ಅದಕ್ಕೇ ಕಮ್ಮಿ ಬೆಲೆ ಹೇಳಿದ್ದು. ಕೇಳಿದ್ರೆ ಹೇಳ್ತಿದ್ದೆ. ನೀನು ಎಲ್ಲಯ್ಯಾ ಕೇಳ್ದೆ? ಬಂದಾಗಿನಿಂದ ಬರೀ ಮೂಸ್ತಿದ್ದೆ."

ಎರ್ವಿನ್, ಆ ಮುದುಕಿಯ ಮಾತು ನನ್ನನ್ನು ಹೊಡೆದು ಹಾಕಿತು. ನಿನ್ನನ್ನೂ ನಾನು ಕೇಳಿರಲಿಲ್ಲ. ಊಟದ ಮೇಜಿನಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದ ನಾನು, "ಏನಾಗಿರಬಹುದು ಮಾರಾಯಾ, ಹತ್ತಿ ನೋಡೋಣ ಬಾ" ಎಂದಿದ್ದರೆ ಸಾಕಿತ್ತು.

ಅಲ್ಲೇ ಲೋರ್ನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸ್ಕ್ರೂವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೊಸದೇ ತಗೊಳ್ಳೋಣ ಮಗಳೇ. ನನ್ನ ಕೈ ತಾಗಿರೋ ಗಾಡಿ ನಿಂಗೆ ಬೇಡ" ಅಂದೆ.

"ಹೊಸದರಲ್ಲಿ ಯಾರ ಕೈ ತಾಗಿದೆಯೋ ನಂಗೇನು ಗೊತ್ತು? ಇದರಲ್ಲಿ ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಯಾರು ಕೆಡಿಸಿದ್ರು ಎಲ್ಲಾ ಗೊತ್ತಾಯ್ತು. ಅಂಟಿನ ಘಾಟು ಹೋಗಿ ಯಾವ ಕಾಲವಾಯ್ತೋ. ಆ ಮೂಲೆ ಪೂರ್ತಿ ಕಿತ್ತು ಹಾಕು. ಒಣಗಿದ ಮರ ಸಿಗೋವರೆಗೂ ಕೀಳು. ಒಂದು ಚುಕ್ಕೆ ಬೂಷ್ಟು ಉಳಿದ್ರೂ ಪೋಸಿ ಇದರಲ್ಲಿ ಮಲಗಲ್ಲ" ಅಂದಳು. ಸ್ಕ್ರೂವನ್ನು ನನ್ನ ಅಂಗೈಗೆ ಹಾಕಿ, "ಆ ಮನುಷ್ಯ ಆಮೇಲೆ ಏನು ಮಾಡ್ದ?" ಎಂದು ಕೇಳಿದಳು. ಒಂಬತ್ತು ಮೈಲಿಯಾಚೆ ಇರುವವನು ಏನು ಮಾಡಿದನೆಂದು ನನಗೆ ಗೊತ್ತಿಲ್ಲ.

ಕ್ಷಮೆ ಕೇಳಲು ಹೆದರಿಕೆ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದು ನಿಮ್ಮ ರೂಢಿ. ಅಷ್ಟು ಸುಲಭವಾಗಿ ಸಿಗುವುದರ ಮೇಲೂ ನನಗೆ ಅನುಮಾನ. ನಿನ್ನ ಮೇಲಲ್ಲ, ತೆಗೆದುಕೊಂಡು ಹಗುರಾಗಿ ಮನೆಗೆ ನಡೆದುಬಿಡುವ ನನ್ನ ಮೇಲೆ. ಹನ್ನೆರಡನೆಯ ಟ್ರೇಲರು ಮುಗಿಸಿದವನ ಹಾಗೆ! ಆದ್ದರಿಂದ ಈ ಕಾಗದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ನಿನ್ನ ಚಾವಣಿ ಸೋರಲಿಲ್ಲ ಎಂಬುದು ನಿನಗೆ ತಲುಪಿದರೆ ಸಾಕು. ಅದು ನಿನಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ.

ನಿನ್ನ ಮನೆಯವರೆಲ್ಲ ತಣ್ಣಗಿರಲಿ. ನಿನ್ನ ಕೈಯ ಕೆಲಸಕ್ಕೆ ಇನ್ನು ಯಾರೂ ಕೆಟ್ಟ ಹೆಸರು ತರದಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಹೆಸರನ್ನು ನಲವತ್ತು ಜನರೆದುರು ಕೆಡಿಸಿದವನು, ನಿನ್ನೊಬ್ಬನ ಕಿವಿಯಲ್ಲಿ ತಪ್ಪೊಪ್ಪಿಕೊಂಡರೆ ಲೆಕ್ಕ ಚುಕ್ತಾ ಆಗದು. ಡ್ವೈಟ್ ಇನ್ನೂ ಅಲ್ಲೇ ಮೇಸ್ತ್ರಿ, ಅಂದು ಮೇಜಿನಲ್ಲಿದ್ದವರಲ್ಲಿ ಹದಿನೈದಿಪ್ಪತ್ತು ಜನ ಇನ್ನೂ ಅಲ್ಲೇ ಇದ್ದಾರೆ. ನಾಳೆ ಬೆಳಿಗ್ಗೆ ಈ ಕಾಗದವನ್ನು ನಿನ್ನ ರಸ್ತೆಯ ಅಂಚಿನ ಪೆಟ್ಟಿಗೆಗೆ ಹಾಕಿ, ಐದಕ್ಕೆ ಮುಂಚೆ ಕಾರ್ಖಾನೆಯ ಗೇಟಿಗೆ ಹೋಗುತ್ತೇನೆ, ವ್ಯಾನುಗಳಿಂದ ನಿಮ್ಮವರು ಇಳಿಯುವವರೆಗೂ ಕಾಯುತ್ತೇನೆ, ಆಮೇಲೆ ಈ ಸ್ಕ್ರೂವನ್ನು ಎತ್ತಿ ಹಿಡಿದು, ಇದನ್ನು ಹೊಡೆದವನು ಯಾರೆಂದು ಕೊನೆಯ ವ್ಯಾನಿನವರಿಗೂ ಕೇಳುವಂತೆ ಹೇಳುತ್ತೇನೆ.

ಇಂತಿ,
ಪರದೆ ಕಂಬಿಯವನು,
ಗಾರ್ಲಂಡ್