ಗವಿಯಲ್ಲಿ ಉಳಿದ ಜೀವ

ತಾಖೆಕ್, ಮಂಗಳವಾರ

ಅವ್ವಾ,

ಇವತ್ತು ಗವಿ-ಕಣಿವೆ ನೋಡಲು ಎಂಟು ಜನ ಹೋಗಿದ್ದೆವು. ಗವಿಯೊಳಗಿನ ಹೊಳೆಯಲ್ಲಿ ನಿನ್ನ ಮೊಮ್ಮಗಳು ದೋಣಿಯಿಂದ ಜಾರಿ ಬಿದ್ದಳು. ತಕ್ಷಣ ಎತ್ತಿಕೊಂಡೆವು. ಗಾಯವಿಲ್ಲ, ಜ್ವರವಿಲ್ಲ, ಆದರೆ ಆಗಿನಿಂದ ಒಂದು ಮಾತೂ ಆಡಿಲ್ಲ. ಬೆದರಿದ ಜೀವ ಅಲ್ಲೇ ನೀರಲ್ಲಿ ಉಳಿದಿರಬೇಕು.

ನಮ್ಮನ್ನು ಕರೆದೊಯ್ದ ಗೈಡ್ ಖಾಮ್‌ಸೆಂಗ್, "ಕರ್ಕೊಂಡ್ ಬಂದ ಒಂದು ಜೀವಾನೂ ಇಲ್ಲಿ ಬಿಟ್ಟು ಹೋಗಲ್ಲ ಅಕ್ಕಾ" ಅಂದ. ಮೀನಿನ ಬಲೆ ತಂದು, ಅವಳು ಬಿದ್ದಲ್ಲೇ ಮೂರು ಸಲ ನೀರು ಗೋರಿ, "ಫೆತ್ಸಮೋನ್, ಬಾರವ್ವಾ" ಎಂದು ಕೂಗಿದ. ಅದು ಅವನ ಪಟ್ಟಿಯಲ್ಲಿದ್ದ ಹೆಸರು! ಆ ಹೆಸರಿಗೆ ಅವಳು ಶಾಲೆಯಲ್ಲೂ ಓಗೊಡುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರನ್ನು ಎಲ್ಲರೆದುರು ಹೇಳಲು ನನಗೆ ಬಾಯೇ ಬರಲಿಲ್ಲ.

ನಾವು ಶನಿವಾರ ಬರುತ್ತೇವೆ. ಅಷ್ಟರೊಳಗೆ ಮನೆ ಹತ್ತುವ ಏಣಿಯ ಬುಡದಲ್ಲಿ ಅನ್ನ, ಮೊಟ್ಟೆ ಇಟ್ಟು "ಕಪ್ಪೆಮರೀ" ಅಂತ ನೀನೇ ಕರೆ. ಗಟ್ಟಿಯಾಗಿ ಕರೆ ಅವ್ವಾ, ಗವಿ ದೂರ.

ಮಲಿವನ್