ನಿಂತಲೆ ಎಂಬ ಹಬ್ಬದ ವಿಷಯ

ಮಳಲಕೇರಿ,
ಏರುನೀರಿನ ಶಕೆ ೧೧೩, ಶ್ರಾವಣದ ಮೂವತ್ತೆಂಟನೆಯ ದಿನ.

ಮಾನವಶಾಸ್ತ್ರದ ಪ್ರೊಫೆಸರ್ ಮಾಲಿನಿ ಕಡೇಮನಿ ಅವರಿಗೆ, ಈಶು ಬುದವಂತಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಅಂಗಳದ ನೀರು ಇಳಿಯುವ ತನಕ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಈ ಸಲದ ಶ್ರಾವಣ ಇನ್ನೂ ಇಳಿದಿಲ್ಲ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಇಷ್ಟು ಕಾಲದಲ್ಲಿ ಕನ್ನಡಕ್ಕೂ ಒಂದಿಷ್ಟು ಉಪ್ಪು ಹತ್ತಿದೆ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ತಲುಪಿತೆಂದು ಮಾತ್ರ ಕೇಳಬೇಡಿ. ನೀವು ಪ್ರಶ್ನೆ ಕೇಳಿದಾಗಲೆಲ್ಲ ನಮಗೆ ನಷ್ಟವೇ ಆಗಿದೆ.

ನಾನು ಸಿಹಿದೋಣಿಯವನು, ಅಂದರೆ ಕುಡಿಯುವ ನೀರನ್ನು ಮನೆಮನೆಗೆ ಮುಟ್ಟಿಸುವವನು. ಓದಿದ್ದು ಕಡಿಮೆ, ಮಾತಿನ ಬಲದಿಂದಲೇ ಮೇಲೆ ಬಂದವನು. ನಾವಿರುವುದು ಏರುಮನೆಗಳಲ್ಲಿ. ಪ್ರತಿ ತಲೆಮಾರೂ ಮೇಲೊಂದು ಅಟ್ಟ ಕಟ್ಟಿ, ಕೆಳಗಿನದನ್ನು ಮೀನಿಗೆ ಬಿಟ್ಟುಕೊಡುತ್ತದೆ. ನನ್ನ ಅಜ್ಜನ ಅಡುಗೆಮನೆಯಲ್ಲಿ ಈಗ ಏಡಿಗಳ ಸಂಸಾರ. ಬಾಡಿಗೆಯಿಲ್ಲ, ತಕರಾರೂ ಇಲ್ಲ. ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹತ್ತುವುದಿಲ್ಲ, ಮಕ್ಕಳ ಕಾಲ್ಬೆರಳ ಸಂದಿ ವರ್ಷವಿಡೀ ಬೆಳ್ಳಗೆ ಬೆಂದಿರುತ್ತದೆ. ಅಕ್ಕಪಕ್ಕದ ಕೇರಿಗಳವರೆಲ್ಲ ಗುಡ್ಡ ಹತ್ತಿ ಯಾವುದೋ ಕಾಲವಾಯಿತು. ಅವರಿಗೆ ಸರ್ಕಾರ ಜಾಗ ಕೊಟ್ಟಿತು. ನಮಗೆ ಕೊಡಲಿಲ್ಲ. ನಮಗೆ ಸಂಸ್ಕೃತಿ ಇದೆಯಂತೆ.

ಆ ಸಂಸ್ಕೃತಿ ಎಲ್ಲಿಂದ ಬಂತೆಂದು ನಿಮಗೆ ನೆನಪಿಸುತ್ತೇನೆ. ನೀವಾಗ ಸಂಶೋಧನೆಗೆಂದು ಬಂದ ಹುಡುಗಿ. ನಮ್ಮ ಹೆಂಗಸರು ಹೊಳೆಯಲ್ಲಿ ಬಳಚು ಹೆಕ್ಕಿ, ಆ ಚಿಪ್ಪುಮೀನು ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಸೊಂಟಮಟ್ಟ ನೀರಿನಲ್ಲಿ ಸುಮ್ಮನೆ ನಿಂತಿದ್ದರು. ದೋಣಿಯವನು ಶೇಂದಿ ಅಂಗಡಿಯಿಂದ ಎದ್ದು ಬಂದಿರಲಿಲ್ಲ, ಅದಕ್ಕೆ. ನೀವು ದಡದಿಂದ ಕೂಗಿದಿರಿ: ಇದು ಯಾವ ಹಬ್ಬ? ಮತ್ತೆ ಕೂಗಿದಿರಿ. ನನ್ನ ಮುತ್ತಜ್ಜಿಯ ಅಜ್ಜಿ ಬುದವಂತಿಗೆ ಕತ್ತು ನೋಯುತ್ತಿತ್ತು. "ಹಬ್ಬವಂತೆ! ನಿನ್ ತಲೆ!" ಎಂದಳು.

ನೀವು ಬರೆದುಕೊಂಡದ್ದು: ನಿಂತಲೆ. ನಿಂತ ಅಲೆ. ಸಮುದ್ರ ತಮ್ಮ ಹೊಸ್ತಿಲಲ್ಲಿ ಬಂದು ನಿಲ್ಲುತ್ತದೆಂದು ನಂಬಿದ ಜನರ ಮೌನ ಆರಾಧನೆ.

ಅಬ್ಬಾ, ಎಂಥ ಫಸಲು ತೆಗೆದಿರಿ ಆ ಒಂದು ಬೈಗುಳದಿಂದ! ಡಾಕ್ಟರೇಟು, ಪುಸ್ತಕ, ಐದು ದೇಶಗಳಲ್ಲಿ ಭಾಷಣ, ಪೀಠ, ಶಾಲು. ಪರಿಸರ ಬದಲಾವಣೆಯನ್ನು ಸಂಸ್ಕೃತಿ ಹೇಗೆ ಎದುರಿಸುತ್ತದೆ ಎಂದು ಯಾರು ಕೇಳಿದರೂ ನಿಮ್ಮ ಬಳಿ ನಿಂತಲೆ ಸಿದ್ಧವಿರುತ್ತಿತ್ತು. ನಿಮ್ಮ ಧ್ವನಿಮುದ್ರಣವನ್ನು ನಮ್ಮ ಕಾಲದ ಸಂಗ್ರಹಾಲಯದಲ್ಲಿ ಯಾರು ಬೇಕಾದರೂ ಕೇಳಬಹುದು, ನಾನೂ ಕೇಳಿದೆ. ಬುದವಂತಿ ಹಾಗೆಂದದ್ದೇ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಪುಸ್ತಕದಲ್ಲಿ ಆ ನಗೆಗೆ ನೀವು ಕೊಟ್ಟ ಹೆಸರು ಸಾಮೂಹಿಕ ಭಾವಾವೇಶ. ನಗು ನಿಂತ ಮೇಲೆ ಮುದುಕಿ ಇನ್ನೊಂದು ಮಾತು ಹೇಳುತ್ತಾಳೆ, ಅದೂ ಸ್ಪಷ್ಟವಾಗಿದೆ: "ಅಲ್ಲ ತಂಗಿ, ನೀರು ಏರ್ತಾ ಉಂಟು, ಕಾಣ್ತಿಲ್ವ? ಸರ್ಕಾರದವ್ರಿಗೆ ಹೇಳಿ ಗುಡ್ಡದ ಮೇಲೆ ಒಂಚೂರು ಜಾಗ ಕೊಡ್ಸು. ಆಮೇಲೆ ಬೇಕಾದ್ ಹೆಸ್ರು ಇಟ್ಕೊ." ಪರಿಸರ ಬದಲಾವಣೆಯ ಪಂಡಿತರಾದ ನೀವು ಆ ಮಾತನ್ನು ವಿಷಯಕ್ಕೆ ಸಂಬಂಧವಿಲ್ಲವೆಂದು ಬಿಟ್ಟಿರಿ.

ಹೋಗಲಿ, ಪುಸ್ತಕದಿಂದ ಯಾರೂ ಮುಳುಗುವುದಿಲ್ಲ. ಮುಳುಗಿಸಿದ್ದು ನಿಮ್ಮ ವರದಿ. ಈ ಜನರನ್ನು ನೀರಿನಿಂದ ಬೇರ್ಪಡಿಸುವುದು ಸಾಂಸ್ಕೃತಿಕ ಕೊಲೆ ಎಂದು ನೀವು ಸರ್ಕಾರಕ್ಕೆ ಬರೆದಿರಿ. ಅದರಿಂದ ನಮ್ಮ ಕೇರಿ 'ಸಂಸ್ಕೃತಿ ಮೀಸಲು' ಆಯಿತು. ಮೀಸಲು ಎಂದರೆ ಗುಡ್ಡದ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಪ್ರತಿ ವರ್ಷ ಪರಂಪರೆ ಅಮಲ್ದಾರರು ಬಂದು ಕೊಡೆಯಡಿ ಕೂರುತ್ತಾರೆ. ನಮ್ಮ ಹೆಂಗಸರು ತಲೆಯ ಮೇಲೆ ಖಾಲಿ ಬುಟ್ಟಿ ಹೊತ್ತು ನೀರಿನಲ್ಲಿ ನಿಂತು ತೋರಿಸಬೇಕು, ಇಲ್ಲವಾದರೆ ಸಿಹಿನೀರು ಬಂದ್. ಬಳಚು ಸತ್ತು ಎಷ್ಟೋ ಕಾಲವಾಯಿತು. ಧ್ವನಿಮುದ್ರಣ ಹಿಡಿದುಕೊಂಡು ಅಮಲ್ದಾರರ ಬಳಿಗೂ ಹೋಗಿದ್ದೆ. ಕೇಳಿದರು, ತಲೆಯಾಡಿಸಿದರು: "ಏನಪ್ಪಾ ಈಶು, ನಿನ್ನ ಸಂಸ್ಕೃತಿ ನಿನಗೇ ಗೊತ್ತಿಲ್ಲವಲ್ಲ! ಪ್ರೊಫೆಸರಮ್ಮನವರ ಪುಸ್ತಕ ಓದು."

ಈ ಸಲ ನನ್ನ ಮಗಳು ತುಳಜೆಯ ಸರದಿ. ಅವಳಿಗೆ ದಿನ ತುಂಬಿದೆ. ವಿನಾಯಿತಿ ಕೇಳಿದ್ದಕ್ಕೆ, ಬಸುರಿ ನಿಂತರೆ ಇನ್ನೂ ಶ್ರೇಷ್ಠವೆಂದು ನಿಮ್ಮ ಏಳನೆಯ ಅಧ್ಯಾಯದಲ್ಲಿದೆ ಎಂದರು. ನೋಡಿದೆ. ಇದೆ. ಅಂದು ನೀರಿನಲ್ಲಿದ್ದವರಲ್ಲೊಬ್ಬಳು ಬಸುರಿಯಾಗಿದ್ದಳಂತೆ. ಪಾಪ, ಅವಳೂ ದೋಣಿಗೇ ಕಾಯುತ್ತಿದ್ದಳು.

ಆ ವರದಿ ನಿಮ್ಮ ಕಾಲದಲ್ಲಿ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇದೆ, ರುಜು ಬಿದ್ದಿಲ್ಲ. ನಿಮ್ಮ ಪಶ್ಚಾತ್ತಾಪ ನನಗೆ ಬೇಡ, ಅದನ್ನೂ ನೀವು ಇನ್ನೊಂದು ಪ್ರಬಂಧ ಮಾಡುತ್ತೀರಿ. ಬೇಕಾದರೆ ನಿಂತಲೆಯನ್ನೂ ಇಟ್ಟುಕೊಳ್ಳಿ, ಶಾಲನ್ನೂ ಹೊದ್ದುಕೊಳ್ಳಿ. ಕೊಲೆ ಎಂಬ ಆ ಒಂದು ವಾಕ್ಯ ಹೊಡೆದುಹಾಕಿ, ಅಲ್ಲಿ 'ಇವರು ಗುಡ್ಡದಲ್ಲಿ ಜಾಗ ಕೇಳುತ್ತಿದ್ದಾರೆ' ಎಂದು ಬರೆಯಿರಿ. ಅದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಹಾಗೆ ಮಾಡಿದರೆ ಎಲ್ಲ ಬದಲಾಗಿ ನಾನು ಹುಟ್ಟುವುದೇ ಇಲ್ಲ, ತುಳಜೆಯೂ ಇರುವುದಿಲ್ಲ ಎಂದು ತಿಳಿದವರು ಹೆದರಿಸುತ್ತಾರೆ. ಅವಳಿಗೂ ಹೇಳಿದೆ. ಊದಿದ ಕಾಲನ್ನು ನೀರಿನಿಂದ ಎತ್ತಿ ಚಾಪೆಯ ಮೇಲಿಟ್ಟುಕೊಂಡು, "ಕಳಿಸಪ್ಪಾ" ಎಂದಳು.

ಈಶು ಬುದವಂತಿ